"ನಾನೇ ಅಡ್ಮಿನಿಸ್ಟ್ರೇಟರ್" ಎಂದರೂ ಒಪ್ಪದ ಕಂಪ್ಯೂಟರ್: ತಂತ್ರಾಂಶ ಹಾಕುವಾಗಿನ ಅನುಮತಿ ದೋಷಗಳು

ಮಂಡ್ಯದ ಆರ್.ಪಿ. ರಸ್ತೆಯ ಹತ್ತಿರ ಬೆರಳಚ್ಚು, ಜೆರಾಕ್ಸ್, ಆನ್‌ಲೈನ್ ಅರ್ಜಿಗಳ ಅಂಗಡಿ ನಡೆಸುವ ಅಕ್ಕ ಒಬ್ಬರಿದ್ದಾರೆ. ಒಂದು ಮಧ್ಯಾಹ್ನ ಎರಡೂವರೆಗೆ ಅವರ ಫೋನ್ ಬಂತು. ನಾನು ಮೈಸೂರಿನ ಸರಸ್ವತಿಪುರಂನಲ್ಲಿ ಯಾರದೋ ಪ್ರಿಂಟರ್ ಬಿಚ್ಚಿಕೊಂಡು ಕುಳಿತಿದ್ದೆ. ಅಂಗಡಿಯಲ್ಲಿ ಗುತ್ತಿಗೆದಾರರೊಬ್ಬರು ಕಾಯುತ್ತಿದ್ದಾರೆ, ಸಂಜೆ ಐದಕ್ಕೆ ಟೆಂಡರ್ ಮುಚ್ಚುತ್ತದೆ, ಅವರ ಡಿಜಿಟಲ್ ಸಹಿಯ ಟೋಕನ್‌ಗೆ (ಸಹಿಯ ಪ್ರಮಾಣಪತ್ರ ಇರುವ, ಪೆನ್ ಡ್ರೈವಿನಂತೆ ಚುಚ್ಚುವ ಸಾಧನ) ಬೇಕಾದ ತಂತ್ರಾಂಶ ಇನ್‌ಸ್ಟಾಲ್ ಆಗುತ್ತಿಲ್ಲ.

"ಏನು ಹೇಳುತ್ತಿದೆ ಅಕ್ಕಾ?"

"ಅಡ್ಮಿನಿಸ್ಟ್ರೇಟರ್ ಅನುಮತಿ ಇಲ್ಲ ಎನ್ನುತ್ತಿದೆ ತಮ್ಮಾ. ಅಂಗಡಿ ನನ್ನದು, ಕಂಪ್ಯೂಟರ್ ನನ್ನದು, ಅದರ ಕಂತನ್ನೂ ನಾನೇ ಕಟ್ಟುತ್ತಿದ್ದೇನೆ. ಇನ್ನು ಯಾರ ಅನುಮತಿ ಬೇಕಂತೆ ಇದಕ್ಕೆ?"

ಪರದೆಗೆ ಬಂದ ಸಂದೇಶದ ಪೆಟ್ಟಿಗೆಯಲ್ಲಿ ಬರೆದಿರುವುದನ್ನು ಒಂದಕ್ಷರ ಬಿಡದೆ ಓದಿ ಎಂದೆ. "ಅಯ್ಯೋ, ಅದನ್ನು ಮುಚ್ಚಿಬಿಟ್ಟೆನಲ್ಲ" ಎಂದರು.

ಅನುಮತಿ ದೋಷದ ಕರೆಗಳಲ್ಲಿ ಮುಕ್ಕಾಲು ಪಾಲು ಹೀಗೆಯೇ ಶುರುವಾಗುತ್ತವೆ. ಪೆಟ್ಟಿಗೆ ಪರದೆಗೆ ಬರುವುದೇ ತಡ, ಕೈ ಅದನ್ನು ಮುಚ್ಚಿರುತ್ತದೆ. ನೆನಪಿನಲ್ಲಿ ಉಳಿಯುವುದು "ಅಡ್ಮಿನಿಸ್ಟ್ರೇಟರ್" ಎಂಬ ಒಂದೇ ಪದ. ತೊಂದರೆ ಇರುವುದೂ ಅಲ್ಲಿಯೇ. ಆ ಪದ ವಿಂಡೋಸ್‌ನ ಹಲವು ಸಂದೇಶಗಳಲ್ಲಿ ಬರುತ್ತದೆ, ಆದರೆ ಎಲ್ಲ ಕಡೆಯೂ ತಡೆಯುತ್ತಿರುವವರು ಒಬ್ಬರೇ ಅಲ್ಲ. ಒಂದು ಕಡೆ ಖಾತೆಯ ದರ್ಜೆ ತಡೆಯುತ್ತದೆ, ಇನ್ನೊಂದು ಕಡೆ ಯಾವುದೋ ಫೋಲ್ಡರಿನ ಅನುಮತಿ ಪಟ್ಟಿ, ಮತ್ತೊಂದು ಕಡೆ ಆಂಟಿವೈರಸ್, ಕೆಲವೊಮ್ಮೆ ಕಂಪ್ಯೂಟರಿನ ಹಿಂದಿನ ಮಾಲೀಕರು ಹಾಕಿಹೋದ ಬೀಗ. ಹಾಗಾಗಿ ನಾನು ಎರಡು ಪ್ರಶ್ನೆ ಇಟ್ಟುಕೊಂಡಿದ್ದೇನೆ: ಈಗ ಅನುಮತಿ ಕೇಳುತ್ತಿರುವವರು ಯಾರು? ಇಲ್ಲ ಎನ್ನುತ್ತಿರುವವರು ಯಾರು? ಇವಕ್ಕೆ ಉತ್ತರ ಸಿಗುವ ಮುನ್ನ ಯಾವ ಸೆಟ್ಟಿಂಗನ್ನೂ ಮುಟ್ಟುವುದಿಲ್ಲ. ಸಂದೇಶದ ಫೋಟೊ ತೆಗೆದು ಕಳುಹಿಸಿ ಎಂದು ಅಕ್ಕನಿಗೆ ಹೇಳಿ, ಸೆಟಪ್ ಕಡತವನ್ನು ಮತ್ತೊಮ್ಮೆ ಒತ್ತಿಸಿದೆ.

ಕೇಳುತ್ತಿರುವವರು ಯಾರು

ಸೆಟಪ್ ಕಡತವನ್ನು ಎರಡು ಬಾರಿ ಕ್ಲಿಕ್ಕಿಸಿದಾಗ ಪರದೆ ಮಬ್ಬಾಗಿ ಒಂದು ಪೆಟ್ಟಿಗೆ ಬರುತ್ತದೆ. ಅದರ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್, ಚಿಕ್ಕದಾಗಿ ಯುಎಸಿ. ಅದು ಬರೀ "ಯೆಸ್" ಮತ್ತು "ನೋ" ಕೇಳಿದರೆ ನೀವು ಅಡ್ಮಿನಿಸ್ಟ್ರೇಟರ್ ಗುಂಪಿನಲ್ಲಿ, ಅಂದರೆ ತಂತ್ರಾಂಶ ಹಾಕುವ ಅಧಿಕಾರವಿರುವವರ ಸಾಲಿನಲ್ಲಿ ಇದ್ದೀರಿ. ಪಾಸ್‌ವರ್ಡ್ ಕೇಳಿದರೆ ನಿಮ್ಮದು ಸಾಮಾನ್ಯ ಖಾತೆ. ಯಾರ ಪಾಸ್‌ವರ್ಡ್ ಬೇಕು ಎಂಬುದೂ ಅದೇ ಪೆಟ್ಟಿಗೆಯಲ್ಲಿ ಬರೆದಿರುತ್ತದೆ. ಸೆಟ್ಟಿಂಗ್ಸ್, ಅಕೌಂಟ್ಸ್, ಯುವರ್ ಇನ್ಫೋ ಎಂದು ಹೋದರೆ ಹೆಸರಿನ ಕೆಳಗೆ ಅಡ್ಮಿನಿಸ್ಟ್ರೇಟರ್ ಎಂದು ಇದೆಯೋ ಇಲ್ಲವೋ ನೋಡಬಹುದು. ಆದರೆ ಪೆಟ್ಟಿಗೆಯನ್ನು ನೋಡಿದರೆ ಎರಡೇ ಕ್ಷಣದಲ್ಲಿ ತಿಳಿಯುತ್ತದೆ.

ಅಕ್ಕನ ಫೋಟೊ ಬಂತು. ಪೆಟ್ಟಿಗೆ ಪಾಸ್‌ವರ್ಡ್ ಕೇಳುತ್ತಿತ್ತು, ಅದೂ ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ಮಗನ ಖಾತೆಯದು. ಕಂಪ್ಯೂಟರ್ ತಂದ ದಿನ ಮೊದಲ ಖಾತೆ ತೆರೆದವನು ಅವನು. ವಿಂಡೋಸ್‌ನಲ್ಲಿ ಮೊದಲು ತೆರೆದ ಖಾತೆ ಅಡ್ಮಿನಿಸ್ಟ್ರೇಟರ್ ಆಗುತ್ತದೆ, ನಂತರ ಸೇರಿಸಿದವು ತಾವಾಗಿಯೇ ಸಾಮಾನ್ಯ ಖಾತೆಗಳಾಗುತ್ತವೆ. ಕಂತು ಕಟ್ಟುವವರು ಯಾರು ಎಂಬುದು ಅದಕ್ಕೆ ಗೊತ್ತಿಲ್ಲ. ಮಗನಿಗೆ ಫೋನ್ ಮಾಡಿ ಪಾಸ್‌ವರ್ಡ್ ತಿಳಿದುಕೊಳ್ಳಿ ಎಂದೆ. ಅವರು ಕೇಳಿದರು, ಹಾಕಿದರು, ತಂತ್ರಾಂಶ ಇನ್‌ಸ್ಟಾಲ್ ಆಯಿತು. ಕಥೆ ಅಲ್ಲಿಗೆ ಮುಗಿಯಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಪೆಟ್ಟಿಗೆಯದು ಮೂರನೆಯ ಬಗೆಯೂ ಒಂದಿದೆ: ಪಾಸ್‌ವರ್ಡ್ ಬರೆಯಲು ಜಾಗವೇ ಇರುವುದಿಲ್ಲ, "ಯೆಸ್" ಗುಂಡಿ ಮಂಕಾಗಿರುತ್ತದೆ. ಆ ಯಂತ್ರದಲ್ಲಿ ಚಾಲ್ತಿಯಲ್ಲಿರುವ ಅಡ್ಮಿನಿಸ್ಟ್ರೇಟರ್ ಒಬ್ಬರೂ ಉಳಿದಿಲ್ಲ ಎಂದು ಅದರ ಅರ್ಥ. ಯಾರೋ ತಮ್ಮ ಖಾತೆಯ ದರ್ಜೆಯನ್ನು ತಾವೇ ಇಳಿಸಿಕೊಂಡಿರುತ್ತಾರೆ. ಇದನ್ನು ವಿಂಡೋಸ್ ಒಳಗಿನಿಂದ ಸರಿಪಡಿಸಲಾಗುವುದಿಲ್ಲ, ರಿಕವರಿ ಪರದೆಗೆ ಹೋಗಬೇಕಾಗುತ್ತದೆ. ಕಡತಗಳನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಂಡು, ಕೆಲಸ ಬಲ್ಲವರ ಕೈಗೆ ಕೊಡಿ.

ಇನ್ನು "ನಾನು ಅಡ್ಮಿನಿಸ್ಟ್ರೇಟರ್ ಗುಂಪಿನಲ್ಲೇ ಇದ್ದೇನೆ, ಆದರೂ ಆಗುತ್ತಿಲ್ಲ" ಎನ್ನುವವರು. ತಾಲ್ಲೂಕು ಕಚೇರಿಯನ್ನು ನೆನಪಿಸಿಕೊಳ್ಳಿ. ತಹಶೀಲ್ದಾರರು ಊಟಕ್ಕೆ, ಸಭೆಗೆ ಮೊಹರನ್ನು ಕೈಯಲ್ಲಿ ಹಿಡಿದುಕೊಂಡು ಓಡಾಡುವುದಿಲ್ಲ. ಮೊಹರು ಡ್ರಾಯರಿನಲ್ಲಿರುತ್ತದೆ, ಬೇಕಾದಾಗ ತೆಗೆಯುತ್ತಾರೆ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ನಡೆಯುತ್ತಿರುವುದು ಇದೇ. ಅಡ್ಮಿನಿಸ್ಟ್ರೇಟರ್ ಲಾಗಿನ್ ಆದಾಗ ವಿಂಡೋಸ್ ಅವರಿಗೆ ಎರಡು ಗುರುತುಚೀಟಿ ತಯಾರಿಸುತ್ತದೆ: ಒಂದು ಸಾಮಾನ್ಯದ್ದು, ಒಂದು ಪೂರ್ಣ ಅಧಿಕಾರದ್ದು. ನೀವು ತೆರೆಯುವ ಎಲ್ಲವೂ ಮೊದಲನೆಯದರಲ್ಲಿ ಓಡುತ್ತವೆ. ಆ ಪೆಟ್ಟಿಗೆಗೆ "ಯೆಸ್" ಎಂದಾಗ ಮಾತ್ರ ಎರಡನೆಯದು ಡ್ರಾಯರಿನಿಂದ ಹೊರಗೆ ಬರುತ್ತದೆ. ವಿಸ್ಟಾಗೆ ಮುಂಚಿನ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಹೀಗಿರಲಿಲ್ಲ, ಬಹುತೇಕ ಎಲ್ಲರೂ ಮೊಹರು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದರು. ಪೆನ್ ಡ್ರೈವಿನಲ್ಲಿ ಬಂದ ವೈರಸ್‌ಗಳಿಗೂ ಅದೇ ಮೊಹರು ಸಿಗುತ್ತಿತ್ತು. ಆ ದಿನಗಳ ಸೈಬರ್ ಕೆಫೆಗಳಲ್ಲಿ ಯಂತ್ರ ಸರಿಪಡಿಸಿದವರಿಗೆ ಈ ಪೆಟ್ಟಿಗೆಯ ಮೇಲೆ ಸಿಟ್ಟು ಬರುವುದಿಲ್ಲ.

ಹಳೆಯ ಸೆಟಪ್ ಕಡತಗಳು ಕೆಲವೊಮ್ಮೆ ಮೊಹರು ಕೇಳುವುದನ್ನೇ ಮರೆಯುತ್ತವೆ. ಅರ್ಧದಾರಿಯಲ್ಲಿ "ಆಕ್ಸೆಸ್ ಈಸ್ ಡಿನೈಡ್" ಎಂದು ನಿಲ್ಲುತ್ತವೆ. ಕಡತದ ಮೇಲೆ ಬಲಗುಂಡಿ ಒತ್ತಿ "ರನ್ ಆಸ್ ಅಡ್ಮಿನಿಸ್ಟ್ರೇಟರ್" ಆರಿಸಿದರೆ ಮುಗಿಯಿತು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಎಂಎಸ್‌ಐ ಎಂದು ಕೊನೆಯಾಗುವ ಕಡತಗಳಿಗೆ ಬಲಗುಂಡಿಯಲ್ಲಿ ಆ ಆಯ್ಕೆಯೇ ಇರುವುದಿಲ್ಲ. ಅದಕ್ಕೊಂದು ಸುತ್ತುದಾರಿ ಇದೆ. ವಿಂಡೋಸ್ 11ರಲ್ಲಾದರೆ ಕಡತದ ಮೇಲೆ ಬಲಗುಂಡಿ ಒತ್ತಿ "ಕಾಪಿ ಆಸ್ ಪಾತ್" ಆರಿಸಿ. ವಿಂಡೋಸ್ 10ರಲ್ಲಾದರೆ ಶಿಫ್ಟ್ ಕೀಲಿ ಹಿಡಿದುಕೊಂಡು ಬಲಗುಂಡಿ ಒತ್ತಬೇಕು. ಆಮೇಲೆ ಸ್ಟಾರ್ಟ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ಹುಡುಕಿ, ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ನಕಲು ಮಾಡಿದ್ದನ್ನು ಅಲ್ಲಿ ಅಂಟಿಸಿ ಎಂಟರ್ ಒತ್ತಿ. ಪ್ರಾಂಪ್ಟ್‌ಗೆ ಇರುವ ಅಧಿಕಾರ ಅದರಿಂದ ಹೊರಟ ಸೆಟಪ್‌ಗೂ ಸಿಗುತ್ತದೆ.

740 ಎಂಬ ಸಂಖ್ಯೆ ಕಂಡರೆ ಅದೂ ಇದೇ ಜಾತಿಯದು. ಒಂದು ಕಾರ್ಯಕ್ರಮ ಇನ್ನೊಂದನ್ನು ಎಬ್ಬಿಸಲು ಹೋಗಿದೆ, ಎರಡನೆಯದಕ್ಕೆ ಪೂರ್ಣ ಅಧಿಕಾರ ಬೇಕು, ಮೊದಲನೆಯದಕ್ಕೆ ಅದನ್ನು ಕೇಳುವ ಬಗೆ ಗೊತ್ತಿಲ್ಲ. ಹಳೆಯ ಡ್ರೈವರ್ ಸಿಡಿಗಳ ಬಣ್ಣಬಣ್ಣದ ಮೆನುಗಳಲ್ಲಿ ಇದನ್ನು ಕಂಡಿದ್ದೇನೆ. ಮೆನು ಬಿಟ್ಟು, ಸಿಡಿಯ ಒಳಗೆ ಹೋಗಿ ನಿಜವಾದ ಸೆಟಪ್ ಕಡತವನ್ನೇ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ.

ಇನ್ನೊಂದು ವಿಚಿತ್ರ. ಮೈಸೂರಿನ ಒಂದು ಲೆಕ್ಕಪರಿಶೋಧಕರ ಕಚೇರಿಯಲ್ಲಿ ಸೆಟಪ್ ಕಡತಗಳನ್ನೆಲ್ಲ ಒಂದು ಕಂಪ್ಯೂಟರಿನಲ್ಲಿ ಇಟ್ಟು, ಉಳಿದ ಯಂತ್ರಗಳಿಗೆ ಅದನ್ನು ಝಡ್ ಡ್ರೈವ್ ಎಂದು ಜೋಡಿಸಿದ್ದರು. ಅಲ್ಲಿಂದ ಓಡಿಸಿದರೆ "ಯೆಸ್" ಒತ್ತಿದ ಮೇಲೆ ಕಡತವೇ ಸಿಗುತ್ತಿಲ್ಲ ಎಂಬ ದೂರು. ಕಾರಣ ಅದೇ ಎರಡು ಗುರುತುಚೀಟಿ. ಝಡ್ ಡ್ರೈವನ್ನು ಜೋಡಿಸಿದ್ದು ಸಾಮಾನ್ಯ ಚೀಟಿ, ಪೂರ್ಣ ಅಧಿಕಾರದ ಚೀಟಿಗೆ ಆ ಡ್ರೈವ್ ಇರುವುದೇ ಗೊತ್ತಿಲ್ಲ. ಕಡತವನ್ನು ಸಿ ಡ್ರೈವಿನ ಒಂದು ಫೋಲ್ಡರಿಗೆ ನಕಲು ಮಾಡಿಕೊಂಡು ಓಡಿಸಿದೆವು, ಐದು ನಿಮಿಷದ ಕೆಲಸ. ಅದಕ್ಕೂ ಮುಂಚೆ ಅವರು ಎರಡು ದಿನ ಕಳೆದಿದ್ದರು.

ಇಲ್ಲ ಎನ್ನುತ್ತಿರುವವರು ಯಾರು

ಸಂದೇಶದಲ್ಲಿ ಸಂಖ್ಯೆ ಇದ್ದರೆ ಅರ್ಧ ಕೆಲಸ ಮುಗಿದಂತೆ. 5, ಅಥವಾ 80070005 ಎಂದು ಮುಗಿಯುವ ಉದ್ದನೆಯ ಸಂಖ್ಯೆ, ಎರಡೂ "ಪ್ರವೇಶವಿಲ್ಲ" ಎಂಬುದರ ಗುರುತೇ. 1925 ಬಂದರೆ, ಎಲ್ಲ ಬಳಕೆದಾರರಿಗೂ ಸೇರುವಂತೆ ತಂತ್ರಾಂಶ ಹಾಕಲು ನಿಮಗೆ ಅಧಿಕಾರ ಸಾಲದು ಎಂದರ್ಥ, ಮೇಲಿನ ಕಮಾಂಡ್ ಪ್ರಾಂಪ್ಟ್ ದಾರಿ ಇದಕ್ಕೆ ಸಾಕು. 2502, 2503 ಜೋಡಿಯಾಗಿ ಕಾಣಿಸಿಕೊಂಡರೆ ವಿಂಡೋಸ್ ಫೋಲ್ಡರಿನೊಳಗಿನ ಟೆಂಪ್ ಫೋಲ್ಡರಿನ ಅನುಮತಿ ಕೆಟ್ಟಿರುವ ಸಾಧ್ಯತೆ ಹೆಚ್ಚು. 1618 ಅನುಮತಿಯ ದೋಷವೇ ಅಲ್ಲ. ಹಿಂದೆ ಇನ್ನೊಂದು ಇನ್‌ಸ್ಟಾಲ್ ನಡೆಯುತ್ತಿದೆ, ಅದು ಮುಗಿಯುವ ತನಕ ಕಾಯಿರಿ ಅಥವಾ ಯಂತ್ರವನ್ನು ರಿಸ್ಟಾರ್ಟ್ ಮಾಡಿ.

ನಿಧಾನವಾಗಿ ನೋಡಬೇಕಾದವು 1303 ಮತ್ತು 1603. ಮೊದಲನೆಯದು ಇಂಥ ಫೋಲ್ಡರಿಗೆ ಹೋಗಲು ಅಧಿಕಾರವಿಲ್ಲ ಎಂದು ಫೋಲ್ಡರಿನ ಹೆಸರನ್ನಾದರೂ ಹೇಳುತ್ತದೆ. ಎರಡನೆಯದು ಏನನ್ನೂ ಹೇಳುವುದಿಲ್ಲ, "ಕೆಲಸ ಕೆಟ್ಟಿತು" ಎಂದಷ್ಟೇ ಹೇಳಿ ಕೈ ತೊಳೆದುಕೊಳ್ಳುತ್ತದೆ. ಇವೆರಡರಲ್ಲೂ ಜನ ತಮ್ಮ ಖಾತೆಯನ್ನೇ ಅನುಮಾನಿಸುತ್ತಾರೆ. ಆದರೆ ಎಂಎಸ್‌ಐ ಕಡತಗಳನ್ನು ಹಾಕುವ ಮುಖ್ಯ ಕೆಲಸ ಮಾಡುವುದು ನೀವಲ್ಲ, ವಿಂಡೋಸ್ ಇನ್‌ಸ್ಟಾಲರ್ ಎಂಬ ಸೇವೆ. ಅದು ಓಡುವುದು ಸಿಸ್ಟಮ್ ಎಂಬ ಒಳಗಿನ ಖಾತೆಯ ಹೆಸರಿನಲ್ಲಿ. ಫೋಲ್ಡರಿನ ಮೇಲೆ ನಿಮಗೆ ಪೂರ್ಣ ಅಧಿಕಾರವಿದ್ದು ಸಿಸ್ಟಮ್‌ಗೆ ಇಲ್ಲದಿದ್ದರೂ ಕೆಲಸ ನಿಲ್ಲುತ್ತದೆ. ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಸೆಕ್ಯುರಿಟಿ ಟ್ಯಾಬ್ ನೋಡಿ. ಪಟ್ಟಿಯಲ್ಲಿ ಸಿಸ್ಟಮ್ ಮತ್ತು ಅಡ್ಮಿನಿಸ್ಟ್ರೇಟರ್ಸ್ ಎರಡೂ ಇರಬೇಕು. "ಖಾಸಗಿಯಾಗಿರಲಿ" ಎಂದು ತಮ್ಮ ಹೆಸರೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಳಿಸಿದ ಮಹನೀಯರನ್ನು ಕಂಡಿದ್ದೇನೆ. ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರೂ 1603 ಬರುತ್ತದೆ.

ಸಂಖ್ಯೆ ಏನೂ ಹೇಳದಿದ್ದಾಗ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸ್ ಲಾಗ್ಸ್ ಒಳಗಿನ ಅಪ್ಲಿಕೇಶನ್ ಪಟ್ಟಿಯಲ್ಲಿ ಎಂಎಸ್‌ಐ ಇನ್‌ಸ್ಟಾಲರ್ ಎಂಬ ಮೂಲದ ಸಾಲುಗಳನ್ನು ಸಮಯ ನೋಡಿ ಹುಡುಕಿ. ಪರದೆಯ ಮೇಲೆ ಬಾಯಿ ಬಿಡದ ಕಂಪ್ಯೂಟರ್ ಅಲ್ಲಿ ಫೋಲ್ಡರಿನ ಅಥವಾ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಕೀಯ ಹೆಸರು ಹೇಳಿರುವುದುಂಟು.

ಇಲ್ಲೊಂದು ಮಾತು ಖಂಡಿತವಾಗಿ ಹೇಳಬೇಕು. ಸಿ ಡ್ರೈವಿನ ಒಡೆತನವನ್ನೇ ಕಿತ್ತುಕೊಂಡು ಎಲ್ಲರಿಗೂ ಪೂರ್ಣ ಅಧಿಕಾರ ಕೊಡಿ ಎಂದು ಕಲಿಸುವ ವಿಡಿಯೊಗಳಿವೆ. ಹಾಗೆ ಮಾಡಿಕೊಂಡ ವಿದ್ಯಾರ್ಥಿಯೊಬ್ಬ ಲ್ಯಾಪ್‌ಟಾಪ್ ತಂದಿದ್ದ. ಬೇಕಿದ್ದ ತಂತ್ರಾಂಶವೇನೋ ಇನ್‌ಸ್ಟಾಲ್ ಆಗಿತ್ತು, ಅಪ್‌ಡೇಟ್‌ಗಳು ನಿಂತುಹೋಗಿದ್ದವು. ಪ್ರೋಗ್ರಾಂ ಫೈಲ್ಸ್, ವಿಂಡೋಸ್ ಫೋಲ್ಡರುಗಳ ಒಡೆಯ ಅಡ್ಮಿನಿಸ್ಟ್ರೇಟರ್ ಕೂಡ ಅಲ್ಲ, ಟ್ರಸ್ಟೆಡ್ ಇನ್‌ಸ್ಟಾಲರ್ ಎಂಬ ಖಾತೆ. ಅದು ಹಾಗಿರುವುದಕ್ಕೆ ಕಾರಣವಿದೆ. ಸಾವಿರಾರು ಕಡತಗಳ ಮೂಲ ಅನುಮತಿಯನ್ನು ಒಂದೊಂದಾಗಿ ಹಿಂದಕ್ಕೆ ತರಲಾಗುವುದಿಲ್ಲ; ಅವನ ಕಡತಗಳನ್ನು ಉಳಿಸಿಕೊಂಡು ವಿಂಡೋಸನ್ನು ಮೇಲಿಂದ ಮತ್ತೆ ಹಾಕಬೇಕಾಯಿತು. ತೊಂದರೆ ಒಂದು ಫೋಲ್ಡರಿನದಾದರೆ ಆ ಒಂದನ್ನು ಮಾತ್ರ ಮುಟ್ಟಿ.

ಅನುಮತಿಯ ವೇಷ ಹಾಕಿಕೊಂಡು ಬರುವ ಇನ್ನು ಕೆಲವಿವೆ. "ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ" ಎಂಬ ದೊಡ್ಡ ನೀಲಿ ಪರದೆ, ಅಪರಿಚಿತ ಕಡತಗಳನ್ನು ತಡೆದು ಎಚ್ಚರಿಸುವ ಸ್ಮಾರ್ಟ್‌ಸ್ಕ್ರೀನ್‌ನದು, ಅಡ್ಮಿನಿಸ್ಟ್ರೇಟರ್‌ಗೂ ಅದಕ್ಕೂ ಸಂಬಂಧವಿಲ್ಲ. ಕಡತ ಎಲ್ಲಿಂದ ಬಂತು ಎಂದು ಖಚಿತವಿದ್ದರೆ ಮಾತ್ರ "ಮೋರ್ ಇನ್ಫೋ" ಒತ್ತಿ ಮುಂದುವರಿಯಿರಿ. ಇನ್‌ಸ್ಟಾಲ್ ಎಲ್ಲ ಸರಿಯಾಗಿ ನಡೆದು ಕೊನೆಯಲ್ಲಿ ಡೆಸ್ಕ್‌ಟಾಪ್ ಅಥವಾ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಬರೆಯಲಾಗದೆ ನಿಂತರೆ, ವಿಂಡೋಸ್ ಸೆಕ್ಯುರಿಟಿಯೊಳಗಿನ ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್ ನೋಡಿ. ಅಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಆನ್ ಆಗಿದ್ದರೆ ಆ ಒಂದು ತಂತ್ರಾಂಶಕ್ಕೆ ಅನುಮತಿ ಕೊಡಬಹುದು, ಇಡೀ ರಕ್ಷಣೆಯನ್ನು ಆಫ್ ಮಾಡಬೇಕಿಲ್ಲ. ಎಸ್ ಮೋಡ್ ಇರುವ ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಸ್ಟೋರಿನ ಹೊರಗಿನ ಯಾವುದೂ ನಡೆಯುವುದಿಲ್ಲ. ಅದರಿಂದ ಹೊರಬರಲು ಹಣ ಕೊಡಬೇಕಿಲ್ಲ, ಆದರೆ ಹೊರಬಂದ ಮೇಲೆ ಹಿಂದಿರುಗುವ ದಾರಿಯಿಲ್ಲ.

1625 ಎಂಬ ಸಂಖ್ಯೆಯೋ, ನಿಮ್ಮ ಸಂಸ್ಥೆ ಇದನ್ನು ತಡೆದಿದೆ ಎಂಬ ಮಾತೋ ಬಂದರೆ ಅದು ಗ್ರೂಪ್ ಪಾಲಿಸಿ, ಅಂದರೆ ಸಂಸ್ಥೆ ತನ್ನ ಯಂತ್ರಗಳಿಗೆ ಹಾಕಿಟ್ಟ ನಿಯಮ. ಕಚೇರಿಯ ಕಂಪ್ಯೂಟರಾದರೆ ಅಲ್ಲಿನ ಐಟಿಯವರನ್ನು ಕೇಳುವುದೊಂದೇ ದಾರಿ, ಸುತ್ತಿ ಹೋಗುವ ಉಪಾಯವನ್ನು ನನ್ನಿಂದ ನಿರೀಕ್ಷಿಸಬೇಡಿ. ಮನೆಯ ಯಂತ್ರದಲ್ಲಿ ಬಂದರೆ? ಮಂಡ್ಯದ ವಿದ್ಯಾನಗರದ ಒಬ್ಬ ಮೇಷ್ಟ್ರು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದರು. ಸೆಟ್ಟಿಂಗ್ಸ್‌ನ "ಆಕ್ಸೆಸ್ ವರ್ಕ್ ಆರ್ ಸ್ಕೂಲ್" ತೆರೆದರೆ ಯಾವುದೋ ಕಂಪನಿಯ ಖಾತೆ ಇನ್ನೂ ಅಂಟಿಕೊಂಡೇ ಇತ್ತು. ಪೂರ್ತಿ ರಿಸೆಟ್ ಮಾಡಿದೆವು. ಮೊದಲ ಪರದೆಯಲ್ಲೇ ಮತ್ತೆ ಆ ಕಂಪನಿಯ ಲಾಗಿನ್ ಬಂತು. ಯಂತ್ರ ಇನ್ನೂ ಆ ಕಂಪನಿಯ ನೋಂದಣಿಯಲ್ಲಿದೆ, ಬಿಡಿಸಬೇಕಾದವರೂ ಅವರೇ. ಮಾರಿದವರಿಗೆ ವಾಪಸು ಕೊಡಿ ಎಂದೆ. ಕೊಳ್ಳುವ ಮುನ್ನ ಈ ಒಂದು ಪುಟ ನೋಡಿದ್ದರೆ ಸಾಕಿತ್ತು.

ಮೊಹರು ಅತಿಯಾದಾಗ

ಅನುಮತಿ ಸಿಗದ ಬೇಸರಕ್ಕೆ ಜನ ಎಲ್ಲವನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸತೊಡಗುತ್ತಾರೆ. ಅದರ ಫಲ ಬೇರೆ ರೂಪದಲ್ಲಿ ಬರುತ್ತದೆ. ಲಗ್ನಪತ್ರಿಕೆ ಮುದ್ರಿಸುವ ಒಂದು ಅಂಗಡಿಯವರು ತಮ್ಮ ಪುಟವಿನ್ಯಾಸದ ತಂತ್ರಾಂಶಕ್ಕೆ, ಕಂಪ್ಯಾಟಿಬಿಲಿಟಿ ಟ್ಯಾಬಿನಲ್ಲಿ "ಯಾವಾಗಲೂ ಅಡ್ಮಿನಿಸ್ಟ್ರೇಟರ್" ಎಂದು ಗುರುತು ಹಾಕಿದ್ದರು. ಮರುದಿನದಿಂದ ಆ ಒಂದು ತಂತ್ರಾಂಶದಲ್ಲಿ ಮಾತ್ರ ಕನ್ನಡ ಮೂಡುತ್ತಿಲ್ಲ, ಒತ್ತಿದ್ದೆಲ್ಲ ಇಂಗ್ಲಿಷ್ ಅಕ್ಷರ. ಅವರು ಕನ್ನಡದ ತಂತ್ರಾಂಶವನ್ನು ಮೂರು ಬಾರಿ ತೆಗೆದು ಮತ್ತೆ ಹಾಕಿದ್ದರು. ದೋಷ ಅದರದಲ್ಲ. ಕೀಲಿಗಳನ್ನು ದಾರಿಯಲ್ಲಿ ಹಿಡಿದು ಕನ್ನಡಕ್ಕೆ ಬದಲಿಸುವ ತಂತ್ರಾಂಶ ಸಾಮಾನ್ಯ ದರ್ಜೆಯಲ್ಲಿ ಓಡುತ್ತಿರುತ್ತದೆ. ಕೆಳದರ್ಜೆಯ ಕಾರ್ಯಕ್ರಮ ಮೇಲ್ದರ್ಜೆಯ ಕಿಟಕಿಯ ಕೀಲಿಗಳಿಗೆ ಕೈ ಹಾಕಲು ವಿಂಡೋಸ್ ಬಿಡುವುದಿಲ್ಲ. ಗುರುತು ತೆಗೆದ ತಕ್ಷಣ ಕನ್ನಡ ಮರಳಿ ಬಂತು. ವಿಂಡೋಸ್‌ನದೇ ಕನ್ನಡ ಕೀಲಿಮಣೆಗೆ ಈ ತೊಂದರೆ ಇಲ್ಲ, ಆದರೆ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುವ ಮುದ್ರಣಾಲಯಗಳಿಗೆ ಅದು ಒಗ್ಗುವುದಿಲ್ಲ.

ಇದಕ್ಕಿಂತ ಎದೆ ನಡುಗಿಸುವುದು ಇನ್ನೊಂದು. ಹಳೆಯ ಬಿಲ್ಲಿಂಗ್ ತಂತ್ರಾಂಶಗಳು ತಮ್ಮ ಲೆಕ್ಕವನ್ನೆಲ್ಲ ಪ್ರೋಗ್ರಾಂ ಫೈಲ್ಸ್ ಒಳಗೇ ಬರೆಯಲು ಹೋಗುತ್ತವೆ. ಸಾಮಾನ್ಯ ದರ್ಜೆಯಲ್ಲಿ ಅಲ್ಲಿಗೆ ಬರೆಯುವಂತಿಲ್ಲವಲ್ಲ, ಹಾಗಾಗಿ ವಿಂಡೋಸ್ ಅವಕ್ಕೆ ಗೊತ್ತಾಗದಂತೆ ಆ ಕಡತಗಳನ್ನು ಬಳಕೆದಾರರ ಆಪ್‌ಡೇಟಾ ಫೋಲ್ಡರಿನ ಲೋಕಲ್ ಒಳಗೆ ವರ್ಚುವಲ್‌ಸ್ಟೋರ್ ಎಂಬಲ್ಲಿ ಇಡುತ್ತದೆ. ತಂತ್ರಾಂಶ ತಾನು ಪ್ರೋಗ್ರಾಂ ಫೈಲ್ಸ್‌ಗೇ ಬರೆಯುತ್ತಿದ್ದೇನೆಂದು ನಂಬಿರುತ್ತದೆ. ಒಂದು ದಿನ ಯಾರೋ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯುತ್ತಾರೆ. ಆಗ ಈ ಮರೆಮಾಚಾಟ ಇರುವುದಿಲ್ಲ, ತಂತ್ರಾಂಶ ನಿಜವಾದ ಪ್ರೋಗ್ರಾಂ ಫೈಲ್ಸ್ ನೋಡುತ್ತದೆ, ಅಲ್ಲಿ ಎರಡು ವರ್ಷದ ಬಿಲ್ಲುಗಳು ಒಂದೂ ಇಲ್ಲ! ಗಾಬರಿಯಾಗಬೇಡಿ, ಹೊಸದಾಗಿ ಬಿಲ್ ಹಾಕಲೂ ಶುರುಮಾಡಬೇಡಿ. ಮುಚ್ಚಿ, ಎಂದಿನಂತೆ ತೆರೆಯಿರಿ, ಎಲ್ಲವೂ ಇರುತ್ತದೆ. ಆಮೇಲೆ ವರ್ಚುವಲ್‌ಸ್ಟೋರ್ ಫೋಲ್ಡರನ್ನು ಪೆನ್ ಡ್ರೈವಿಗೆ ನಕಲು ಮಾಡಿಕೊಳ್ಳಿ, ಏಕೆಂದರೆ ನಿಮ್ಮ ಬ್ಯಾಕಪ್ ಇಷ್ಟು ದಿನ ತಪ್ಪು ಫೋಲ್ಡರಿನದಾಗಿರಬಹುದು.

ಯಾವ ಕಾರ್ಯಕ್ರಮ ಯಾರ ಹೆಸರಿನಲ್ಲಿ, ಯಾವ ದರ್ಜೆಯಲ್ಲಿ ಓಡುತ್ತಿದೆ ಎಂದು ಊಹಿಸುವ ಅಗತ್ಯವಿಲ್ಲ. ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟದಲ್ಲಿ ಶೀರ್ಷಿಕೆಯ ಸಾಲಿನ ಮೇಲೆ ಬಲಗುಂಡಿ ಒತ್ತಿ "ಸೆಲೆಕ್ಟ್ ಕಾಲಮ್ಸ್" ತೆರೆದರೆ "ಎಲಿವೇಟೆಡ್" ಮತ್ತು "ಯುಎಸಿ ವರ್ಚುವಲೈಸೇಶನ್" ಎಂಬ ಎರಡು ಕಾಲಮ್‌ಗಳನ್ನು ಸೇರಿಸಿಕೊಳ್ಳಬಹುದು: ಮೊದಲನೆಯದು ಪೂರ್ಣ ಅಧಿಕಾರವಿದೆಯೇ ಎಂದು, ಎರಡನೆಯದು ಮೇಲೆ ಹೇಳಿದ ವರ್ಚುವಲ್‌ಸ್ಟೋರ್ ಮರೆಮಾಚಾಟ ನಡೆಯುತ್ತಿದೆಯೇ ಎಂದು ತೋರಿಸುತ್ತದೆ. "ಯೂಸರ್ ನೇಮ್" ಕಾಲಮ್ಮೂ ಅಲ್ಲಿಯೇ ಇರುತ್ತದೆ. ಅಂದು ಟೆಂಡರನ್ನು ಉಳಿಸಿದ್ದು ಆ ಕಾಲಮ್ಮೇ.

ಮೂರೂ ಹತ್ತಕ್ಕೆ ಅಕ್ಕನ ಎರಡನೆಯ ಫೋನ್ ಬಂದಿತ್ತು. ಇನ್‌ಸ್ಟಾಲ್ ಆಗಿದೆ, ಟೋಕನ್ ದೀಪ ಉರಿಯುತ್ತಿದೆ, ಅದರ ತಂತ್ರಾಂಶದ ಕಿಟಕಿಯಲ್ಲಿ ಗುತ್ತಿಗೆದಾರರ ಹೆಸರೂ ಕಾಣುತ್ತಿದೆ. ಆದರೆ ಟೆಂಡರ್ ಪುಟದಲ್ಲಿ ಸಹಿಗಳ ಪಟ್ಟಿ ಖಾಲಿ. ಟಾಸ್ಕ್ ಮ್ಯಾನೇಜರ್ ತೆರೆಸಿ ಟೋಕನ್ ತಂತ್ರಾಂಶದ ಎದುರಿನ ಹೆಸರು ಓದಿ ಎಂದೆ. "ನಮ್ಮ ಮಗನ ಹೆಸರಿದೆ" ಎಂದರು. ಬ್ರೌಸರಿನ ಎದುರು? "ನನ್ನದು."

ಅಷ್ಟೇ. ಮಗನ ಪಾಸ್‌ವರ್ಡ್ ಹಾಕಿದಾಗ ಸೆಟಪ್ ಓಡಿದ್ದು ಮಗನ ಹೆಸರಿನಲ್ಲಿ. ಕೊನೆಯಲ್ಲಿ "ಈಗಲೇ ತೆರೆಯಬೇಕೆ" ಎಂಬುದಕ್ಕೆ ಗುರುತು ಇದ್ದುದರಿಂದ ಟೋಕನ್ ತಂತ್ರಾಂಶವನ್ನೂ ಅದೇ ಹೆಸರಿನಲ್ಲಿ ಎಬ್ಬಿಸಿತು. ಅದು ಗುತ್ತಿಗೆದಾರರ ಪ್ರಮಾಣಪತ್ರವನ್ನು ಶ್ರದ್ಧೆಯಿಂದ ಮಗನ ಖಾತೆಯಲ್ಲಿ ನೋಂದಾಯಿಸಿತು. ಅಮ್ಮನ ಖಾತೆಯಲ್ಲಿ ಓಡುವ ಬ್ರೌಸರಿಗೆ ಅದು ಕಾಣುವುದಾದರೂ ಹೇಗೆ? ಒಬ್ಬರ ಪಾಸ್‌ವರ್ಡಿನಿಂದ ಇನ್ನೊಬ್ಬರ ಖಾತೆಯಲ್ಲಿ ತಂತ್ರಾಂಶ ಹಾಕಿದಾಗ ಐಕಾನ್ ಕಾಣೆಯಾಗುವುದು, ಸೆಟ್ಟಿಂಗ್ ಉಳಿಯದಿರುವುದು, ಎಲ್ಲಕ್ಕೂ ಮೂಲ ಇದೇ.

ಸೈನ್ ಔಟ್ ಮಾಡಿಸಿದೆ. ಮತ್ತೆ ಅಕ್ಕನ ಖಾತೆಗೇ ಲಾಗಿನ್ ಆಗಿ, ಟೋಕನ್ ಕಿತ್ತು ಚುಚ್ಚಿ, ಸ್ಟಾರ್ಟ್ ಮೆನುವಿನಿಂದ ತಂತ್ರಾಂಶವನ್ನು ಸಾಮಾನ್ಯವಾಗಿ ತೆರೆಯಲು ಹೇಳಿದೆ. ಪಟ್ಟಿಯಲ್ಲಿ ಹೆಸರು ಬಂತು. ನಾಲ್ಕು ಇಪ್ಪತ್ತಕ್ಕೆ ಟೆಂಡರ್ ಸಲ್ಲಿಕೆಯಾಯಿತು. ಮುಂದಿನ ವಾರ ರೈಲಿಳಿದು ಅಂಗಡಿಗೆ ಹೋದಾಗ, ಗಲ್ಲಾಪೆಟ್ಟಿಗೆಯ ಹಿಂದಿನ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಚೌಕದ ಪಕ್ಕ ಮಗನ ಪಾಸ್‌ವರ್ಡ್ ದೊಡ್ಡ ಅಕ್ಷರದಲ್ಲಿ ಬರೆದಿತ್ತು. ಆ ಹಾಳೆ ಹರಿಸಿ, ಪಾಸ್‌ವರ್ಡ್ ಬದಲಾಯಿಸಿಸಿ, ಕಾಫಿ ಕುಡಿದು ಬಂದೆ.